ತಾನಾಗಿ ಮುಚ್ಚುವ ಬಾಗಿಲು

ಅಮೆರಿಕದ ಓಹಾಯೋ ರಾಜ್ಯದ ಕೊಲಂಬಸ್ ನಗರದ ಹೊರವಲಯದಲ್ಲಿ ನನ್ನ ಮಗನ ಮನೆಯಿದೆ. 2023ರ ಅಕ್ಟೋಬರ್ ತಿಂಗಳಲ್ಲಿ ನಾನೂ ನನ್ನ ಶ್ರೀಮತಿಯೂ ಆರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋದಾಗ, ನಮಗೆಂದು ಮಹಡಿಯ ಮೇಲೊಂದು ಕೋಣೆಯನ್ನು ಅಣಿಗೊಳಿಸಿದ್ದರು. ಬೆಳಕು ಗಾಳಿಗಳಿಗೇನೂ ಕೊರತೆಯಿರಲಿಲ್ಲ. ಕಿಟಕಿಯ ಹೊರಗೆ ಮೇಪಲ್ ಮರಗಳು ಎಲೆ ಕೆಂಪಾಗಿ ನಿಂತಿದ್ದವು. ಆದರೆ ನಮ್ಮ ಕೋಣೆಯ ಕೆಳಗೇ ಗ್ಯಾರೇಜು. ಸೊಸೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮುಗಿಸಿ ಬೆಳಗಿನ ಏಳೂವರೆಗೆ ಕಾರು ತಂದಳೆಂದರೆ, ಮಂಚದ ಕಾಲುಗಳು ನಡುಗುವಂತೆ ಸದ್ದು ಏಳುತ್ತಿತ್ತು. ಮೊದಲ ದಿನ ನನ್ನ ಶ್ರೀಮತಿ ಬೆಚ್ಚಿ ಎದ್ದು ಕುಳಿತು, "ಏನ್ರೀ, ಕೆಳಗ ಹಿಟ್ಟಿನ ಗಿರಣಿ ಹಾಕ್ಯಾರೇನು?" ಎಂದು ಕೇಳಿದಳು.

ಆ ಊರಿನ ಮನೆಗಳನ್ನು ಕಾಣದ ಓದುಗರಿಗಾಗಿ ಒಂದೆರಡು ಮಾತು ಹೇಳಬೇಕು. ಅಲ್ಲಿ ಕಾರು ನಿಲ್ಲಿಸುವ ಗ್ಯಾರೇಜು ಮನೆಯ ಒಂದು ಅಂಗವೇ ಆಗಿರುತ್ತದೆ. ಎರಡು ಕಾರುಗಳ ಗ್ಯಾರೇಜಿಗೆ ಹದಿನಾರು ಅಡಿ ಅಗಲ, ಏಳು ಅಡಿ ಎತ್ತರದ ಒಂದೇ ಬಾಗಿಲು. ಅಡ್ಡಪಟ್ಟಿಗಳನ್ನು ಕೀಲುಗಳಿಂದ ಜೋಡಿಸಿ ಮಾಡಿದ ಆ ಬಾಗಿಲು ಎರಡು ಬದಿಯ ಹಳಿಗಳ ಮೇಲೆ ಸರಿದು ಮೇಲೇರಿ, ಛಾವಣಿಯ ಕೆಳಗೆ ಅಡ್ಡಲಾಗಿ ಮಲಗುತ್ತದೆ. ಅದನ್ನು ಎಳೆಯುವ ಮೋಟಾರು ಛಾವಣಿಗೆ ತೂಗುಬಿದ್ದಿರುತ್ತದೆ. ಕಾರಿನಲ್ಲಿ ಕುಳಿತೇ ರಿಮೋಟಿನ ಗುಂಡಿ ಒತ್ತಿದರೆ ಬಾಗಿಲು ತೆರೆಯುತ್ತದೆ. ಮತ್ತೊಮ್ಮೆ ಒತ್ತಿದರೆ ಮುಚ್ಚುತ್ತದೆ. ಗ್ಯಾರೇಜಿನ ಒಳಬಾಗಿಲು ನೇರವಾಗಿ ಅಡುಗೆಮನೆಗೆ ತೆರೆಯುವುದರಿಂದ ಮನೆಮಂದಿಯೆಲ್ಲ ಓಡಾಡುವುದು ಈ ದಾರಿಯಲ್ಲಿಯೇ. ಮುಂಬಾಗಿಲು ಏನಿದ್ದರೂ ಅತಿಥಿಗಳಿಗೆ. ಆದುದರಿಂದ ಈ ಯಂತ್ರವು ಆ ಮನೆಯ ಹೆಬ್ಬಾಗಿಲಿನ ಕಾವಲುಗಾರನಿದ್ದಂತೆ.

ಇದು ಇಂದು ನಿನ್ನೆಯ ಉಪಕರಣವೇನೂ ಅಲ್ಲ. ಸಿ.ಜಿ. ಜಾನ್ಸನ್ ಎಂಬಾತನು 1921ರಲ್ಲಿ ಹೀಗೆ ಮೇಲಕ್ಕೆ ಸರಿಯುವ ಬಾಗಿಲನ್ನೂ, 1926ರಲ್ಲಿ ಅದನ್ನು ತೆರೆಯುವ ವಿದ್ಯುತ್ ಯಂತ್ರವನ್ನೂ ರೂಪಿಸಿದನು. ಮಗನ ಮನೆಯಲ್ಲಿದ್ದ ಯಂತ್ರ ಮನೆಯಷ್ಟೇ ಹಳೆಯದು, 1994ರದು. ಅದನ್ನು ಬದಲಿಸಬೇಕೆಂದು ಮಗ ಹೇಳಿದಾಗ ಮೊದಲು ಅಡ್ಡ ಮಾತನಾಡಿದವನು ನಾನೇ. ರಾಣೆಬೆನ್ನೂರಿನ ಪ್ರೌಢಶಾಲೆಯೊಂದರಲ್ಲಿ 31 ವರ್ಷ ವಿಜ್ಞಾನ ಕಲಿಸಿದವನು ನಾನು. ನಡೆಯುತ್ತಿರುವ ಯಂತ್ರವನ್ನು ಕಿತ್ತೆಸೆಯುವುದು ನನ್ನ ಮನಸ್ಸಿಗೆ ಒಗ್ಗದ ಮಾತು. "ಸದ್ದು ಮಾಡಿದರೇನಾಯಿತು, ಕೆಲಸ ಮಾಡುತ್ತದಲ್ಲ" ಎಂದು ವಾದಿಸಿ, ಏಣಿ ಹತ್ತಿ ಸರಪಳಿಗೆ ಗ್ರೀಸು ಹಚ್ಚಿದೆ. ಸದ್ದು ತುಸು ತಗ್ಗಿತು. ಮಗನ ಹಣ ಉಳಿಸಿದೆನೆಂಬ ಸಮಾಧಾನದಲ್ಲಿ ನಾನಿದ್ದೆ.

ನವೆಂಬರಿನ ಒಂದು ಶನಿವಾರದ ಮಧ್ಯಾಹ್ನ. ನಾಲ್ಕು ವರ್ಷದ ಮೊಮ್ಮಗಳು ಮನೆಯ ಮುಂದಿನ ಕಾರುದಾರಿಯಲ್ಲಿ ತನ್ನ ಮೂರು ಗಾಲಿಯ ಸೈಕಲ್ಲು ತುಳಿಯುತ್ತಿದ್ದಳು. ನಾನು ಕಾವಲಿಗಿದ್ದೆ. ಚಳಿಗಾಳಿ ಎದ್ದುದರಿಂದ "ಬಾ ಪುಟ್ಟಿ, ಒಳಗೆ ಹೋಗೋಣ" ಎಂದು ಕರೆದು, ಗ್ಯಾರೇಜಿನೊಳಗೆ ಬಂದು ಗೋಡೆಯ ಗುಂಡಿಯನ್ನು ಒತ್ತಿದೆ. ಮಗು ನನ್ನ ಬೆನ್ನ ಹಿಂದೆಯೇ ಇದೆಯೆಂದು ನಂಬಿದ್ದೆ. ತಿರುಗಿ ನೋಡದೆ, ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದೆ. ಹಿಂದೆ ಏನೋ ಕರಕರನೆ ಮುರಿದ ಸದ್ದಾಯಿತು.

ತಿರುಗಿ ನೋಡಿದೆ. ಬಾಗಿಲು ಸೈಕಲ್ಲಿನ ಮೇಲೆ ಇಳಿದಿತ್ತು. ಹಿಡಿಕೆ ಬಾಗಿ ಮುಂದಿನ ಗಾಲಿ ಸೊಟ್ಟಗಾಗಿತ್ತು. ಮೋಟಾರು ಇನ್ನೂ ನರಳುತ್ತ ಬಾಗಿಲನ್ನು ಕೆಳಕ್ಕೆ ಒತ್ತುತ್ತಲೇ ಇತ್ತು. ಆಮೇಲೆ ತಾನಾಗಿ ನಿಂತಿತು, ಆದರೆ ಮೇಲೇಳಲಿಲ್ಲ. ಮಗು ಸೈಕಲ್ಲನ್ನು ಹೊಸ್ತಿಲಲ್ಲಿ ಬಿಟ್ಟು ಎರಡು ಹೆಜ್ಜೆ ಒಳಗೆ ಬಂದಿದ್ದಳು. ಎರಡೇ ಹೆಜ್ಜೆ. "ಅಜ್ಜಾ, ನನ್ನ ಸೈಕಲ್" ಎಂದು ಅಳತೊಡಗಿದವಳನ್ನು ಎತ್ತಿಕೊಂಡೆ. ನನ್ನ ಕೈ ನಡುಗುತ್ತಿದ್ದುದು ಅವಳಿಗೆ ಗೊತ್ತಾಗಲಿಲ್ಲ.

ಅಂದು ಸಂಜೆ ಮಗ ಕೇಳಿದಾಗ ನಾನು ಹೇಳಿದ್ದು "ಸೈಕಲ್ಲು ಬಿದ್ದು ಸೊಟ್ಟಗಾಯಿತು" ಎಂದು. ಈ ವಯಸ್ಸಿನಲ್ಲಿ, ಸಾವಿರಾರು ಮಕ್ಕಳಿಗೆ ನಿಜ ಹೇಳಬೇಕೆಂದು ಬೋಧಿಸಿದ ಮೇಲೆ, ಹೆತ್ತ ಮಗನೆದುರು ಸುಳ್ಳು ಹೇಳಿದೆ. ಮಗುವನ್ನು ನನ್ನ ಕೈಗೆ ಒಪ್ಪಿಸಿ ಹೋಗಲು ಅವರು ಇನ್ನು ಹಿಂಜರಿಯುವರೆಂಬ ಭಯವೇ ಅದಕ್ಕೆ ಕಾರಣ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಬೆಳಗಾಗುತ್ತಲೇ ಮಂಚದ ಕೆಳಗೆ ಬಾಗಿಲು ಏಳುವ ಸದ್ದು, ಇಳಿಯುವ ಸದ್ದು. ಇಳಿಯುವಾಗ ನನ್ನ ಎದೆಯೂ ಕುಸಿಯುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡಿದ್ದರೆ ನನ್ನ ಮಾನ ಉಳಿಯುತ್ತದೆ, ಬಾಗಿಲು ಮಾತ್ರ ಹಾಗೆಯೇ ಇಳಿಯುತ್ತಿರುತ್ತದೆ ಎಂಬುದು ಮೂರನೆಯ ದಿನ ಮನಸ್ಸಿಗೆ ನಾಟಿತು. ಮಗನನ್ನು ಕೂಡಿಸಿಕೊಂಡು ನಡೆದುದನ್ನೆಲ್ಲ ಹೇಳಿದೆ.

ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ "ಅಪ್ಪಾಜಿ, ಬಾಗಿಲು ಮೇಲೇಳಬೇಕಾಗಿತ್ತಲ್ಲ, ಯಾಕೆ ಏಳಲಿಲ್ಲ?" ಎಂದು ಕೇಳಿ, ಏಣಿ ತಂದ.

ಕಾರಣ ಐದು ನಿಮಿಷಗಳಲ್ಲಿ ತಿಳಿಯಿತು. ಇಂಥ ಬಾಗಿಲಿನ ಎರಡು ಪಕ್ಕಗಳಲ್ಲಿ, ನೆಲದಿಂದ ಆರು ಅಂಗುಲಕ್ಕಿಂತ ಮೇಲಿಲ್ಲದಂತೆ, ಎರಡು ಪುಟ್ಟ ಬೆಳಕಿನ ಕಣ್ಣುಗಳಿರಬೇಕು. ಒಂದರಿಂದ ಹೊರಟ ಕಾಣದ ಕಿರಣವು ಇನ್ನೊಂದನ್ನು ತಲುಪುತ್ತಿರುತ್ತದೆ. ನಡುವೆ ಮಗುವೋ ಬೆಕ್ಕೋ ಬಂದು ಕಿರಣ ಕಡಿದರೆ, ಇಳಿಯುತ್ತಿರುವ ಬಾಗಿಲು ನಿಂತು ಮೇಲೇಳುತ್ತದೆ. ನಮ್ಮ ಮನೆಯಲ್ಲಿ ಆ ಎರಡು ಕಣ್ಣುಗಳು ನೆಲದ ಬಳಿ ಇರಲೇ ಇಲ್ಲ. ಛಾವಣಿಯಲ್ಲಿ ಮೋಟಾರಿನ ಪಕ್ಕದಲ್ಲಿ, ಗೇಣುದ್ದದ ಅಂತರದಲ್ಲಿ ಎದುರುಬದುರಾಗಿ ಟೇಪು ಸುತ್ತಿ ಕೂಡಿಸಿದ್ದರು! ಹಿಂದೆ ಇದ್ದವರಿಗೆ ಕಣ್ಣುಗಳ ನೇರ ತಪ್ಪಿ ಬಾಗಿಲು ಮುಚ್ಚದೆ ತೊಂದರೆಯಾಗಿರಬೇಕು; ಸರಿಪಡಿಸುವ ಬದಲು ಯಂತ್ರಕ್ಕೇ ಕಣ್ಣುಕಟ್ಟು ಮಾಡಿದ್ದರು. ಸಾಲದೆಂಬಂತೆ, ಬಾಗಿಲು ಎಷ್ಟು ಬಲದಿಂದ ಒತ್ತಬೇಕೆಂದು ಹೊಂದಿಸುವ ತಿರುಪನ್ನೂ ಕೊನೆಯವರೆಗೆ ತಿರುಗಿಸಿಟ್ಟಿದ್ದರು. ಮನೆ ಕೊಂಡಾಗ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಏಣಿ ಹತ್ತಿ ಗ್ರೀಸು ಹಚ್ಚಿದ ವಿಜ್ಞಾನದ ಮೇಷ್ಟ್ರ ಕಣ್ಣಿಗೂ ಬಿದ್ದಿರಲಿಲ್ಲ.

ಈ ಕಣ್ಣುಗಳು ಸುಮ್ಮನೆ ಬಂದವಲ್ಲ. 1980ರ ದಶಕದಲ್ಲಿ ಆ ದೇಶದಲ್ಲಿ ಹಲವು ಮಕ್ಕಳು ಇಂಥ ಬಾಗಿಲುಗಳ ಅಡಿಗೆ ಸಿಕ್ಕು ಪ್ರಾಣ ಕಳೆದುಕೊಂಡರು. ಅದರ ಪರಿಣಾಮವಾಗಿ 1990ರಲ್ಲಿ ಕಾನೂನಾಯಿತು. 1993ರ ಜನವರಿ 1ರಿಂದ ತಯಾರಾಗುವ ಮನೆಬಳಕೆಯ ಪ್ರತಿಯೊಂದು ಯಂತ್ರದಲ್ಲಿಯೂ, ವಸ್ತುವಿಗೆ ತಗುಲಿದರೆ ಎರಡು ಸೆಕೆಂಡುಗಳೊಳಗೆ ಹಿಂತಿರುಗುವ ಗುಣವಲ್ಲದೆ, ಬೆಳಕಿನ ಕಣ್ಣು ಅಥವಾ ಅದಕ್ಕೆ ಸಮಾನವಾದ ಎರಡನೆಯ ರಕ್ಷಣೆಯೂ ಇರಬೇಕೆಂದು ವಿಧಿಸಲಾಯಿತು. ಕಾನೂನು ಕೊಟ್ಟ ರಕ್ಷಣೆಯನ್ನು ಒಂದು ತುಂಡು ಟೇಪು ಇಲ್ಲವಾಗಿಸಿತ್ತು.

ಇನ್ನು ಹೊಸ ಯಂತ್ರದ ಬಗ್ಗೆ ಚರ್ಚೆ ಬೇಕಿರಲಿಲ್ಲ. ಯಾವುದನ್ನು ತರಬೇಕೆಂಬುದಷ್ಟೇ ಪ್ರಶ್ನೆ. ರಾತ್ರಿ ಊಟದ ಮೇಜಿನ ಸುತ್ತ ನಾವೆಲ್ಲ ಕುಳಿತೆವು. ಮಗ ಓದಿ ತಿಳಿದುದನ್ನು ವಿವರಿಸಿದ. ಸರಪಳಿಯಿಂದ ಎಳೆಯುವುದು ಅಗ್ಗ, ಗಟ್ಟಿಮುಟ್ಟು, ಆದರೆ ಸದ್ದು ಹೆಚ್ಚು. ರಬ್ಬರಿನ ಬೆಲ್ಟಿನಿಂದ ಎಳೆಯುವುದಕ್ಕೆ ಬೆಲೆ ತುಸು ಹೆಚ್ಚು, ಸದ್ದು ಬಹಳ ಕಡಿಮೆ. ಉದ್ದನೆಯ ತಿರುಪಿನ ಸರಳು ತಿರುಗಿ ಎಳೆಯುವ ಬಗೆಯೊಂದಿದೆ. ಕಡುಚಳಿಯಲ್ಲಿ ಅದರ ಗ್ರೀಸು ಗಟ್ಟಿಯಾಗಿ ನಡಿಗೆ ನಿಧಾನವಾಗುತ್ತದೆ. ನಾಲ್ಕನೆಯದು, ಛಾವಣಿಗೆ ಬದಲಾಗಿ ಬಾಗಿಲ ಪಕ್ಕದ ಗೋಡೆಗೆ ಕೂಡಿಸುವಂಥದು; ಸದ್ದಿಲ್ಲ, ಛಾವಣಿ ಖಾಲಿ ಉಳಿಯುತ್ತದೆ, ಬೆಲೆ ಮಾತ್ರ ಎಲ್ಲಕ್ಕಿಂತ ಹೆಚ್ಚು. ಮಗನ ಒಲವು ಈ ನಾಲ್ಕನೆಯದರ ಕಡೆಗೆ. ಸೊಸೆಗೆ ಬೇಕಾದುದು, ತಾನು ಬಂದಾಗ ಅತ್ತೆ ಮಾವಂದಿರ ನಿದ್ದೆ ಕೆಡದ ಯಂತ್ರ. ನಾನು ಲೋಹದ ಸರಪಳಿಯೇ ಬಾಳಿಕೆ ಬರುವುದೆಂದೆ. ಒಂದೂಕಾಲು ಅಶ್ವಶಕ್ತಿಯದನ್ನು ತಂದರೆ ಬಾಗಿಲನ್ನು ಹೂವಿನಂತೆ ಎತ್ತುವುದೆಂದು ಮಗ ಹೇಳಿದ.

ಎಲ್ಲವನ್ನೂ ಕೇಳುತ್ತ ಕುಳಿತಿದ್ದ ನನ್ನ ಶ್ರೀಮತಿ ಕೊನೆಗೆ ಬಾಯಿಬಿಟ್ಟಳು. "ಎಲ್ಲಾ ಬರೋಬ್ಬರಿ. ಕರೆಂಟು ಹೋದ್ರ ಹ್ಯಾಂಗ? ನೀವೆಲ್ಲಾ ಹೊರಗ ಹೋಗಿ ನಾನೂ ಕೂಸೂ ಇಬ್ರೇ ಇದ್ದಾಗ ಈ ಬಾಗಲಾ ನನ್ನ ಕೈಲೆ ಏಳತೈತೇನು?"

ಆ ಪ್ರಶ್ನೆಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಎಲ್ಲರೂ ಎದ್ದು ಗ್ಯಾರೇಜಿಗೆ ಹೋದೆವು. ಮೋಟಾರಿನ ಹಳಿಯಿಂದ ಕೆಂಪು ಹಿಡಿಯ ಹಗ್ಗವೊಂದು ಜೋತುಬಿದ್ದಿರುತ್ತದೆ. ಅದನ್ನು ಎಳೆದರೆ ಬಾಗಿಲಿಗೂ ಮೋಟಾರಿಗೂ ಸಂಬಂಧ ಕಳಚಿ, ಬಾಗಿಲನ್ನು ಕೈಯಿಂದ ಎತ್ತಬಹುದು. ಬಾಗಿಲು ಮುಚ್ಚಿರುವಾಗ ಮಾತ್ರ ಅದನ್ನು ಎಳೆಯಬೇಕು. ತೆರೆದಿರುವಾಗ ಎಳೆದರೆ, ಸ್ಪ್ರಿಂಗು ಮುರಿದಿದ್ದ ಪಕ್ಷದಲ್ಲಿ ಬಾಗಿಲು ತಲೆಯ ಮೇಲೆ ಬೀಳಬಹುದು. ಶ್ರೀಮತಿ ಹಗ್ಗ ಎಳೆದು ಬಾಗಿಲಿಗೆ ಕೈಹಾಕಿದಳು. ಒಂದು ಗೇಣು ಮಾತ್ರ ಎದ್ದಿತು. ನಾನೂ ಕೈಗೂಡಿಸಿದೆ. ಮೊಣಕಾಲಿನ ಎತ್ತರಕ್ಕೆ ಬಂದು, ಕೈ ಸಡಿಲಿಸಿದೊಡನೆ ಧಡ್ಡನೆ ಕೆಳಗಿಳಿಯಿತು.

ಆಗ ನನ್ನ ವಿಜ್ಞಾನ ನನಗೆ ನೆನಪಾಯಿತು. ನಮ್ಮ ಕಡೆ ಬಾವಿಯ ಏತಕ್ಕೆ ಹಿಂದಿನ ತುದಿಯಲ್ಲಿ ಭಾರದ ಕಲ್ಲು ಕಟ್ಟುವುದೇಕೆ? ನೀರಿನ ಭಾರವನ್ನು ಕಲ್ಲು ಹೊರುತ್ತದೆ. ಮನುಷ್ಯ ತುಸುವೇ ಒತ್ತು ಕೊಟ್ಟರೆ ಸಾಕು. ಗ್ಯಾರೇಜಿನ ಬಾಗಿಲಿನ ಮರ್ಮವೂ ಇದೇ. ಹದಿನಾರು ಅಡಿಯ ಉಕ್ಕಿನ ಬಾಗಿಲಿಗೆ ಸುಮಾರು 70ರಿಂದ 100 ಕಿಲೋ ತೂಕ. ಅದನ್ನು ಹೊರುವುದು ಮೋಟಾರಲ್ಲ. ಬಾಗಿಲಿನ ಮೇಲ್ಗಡೆ ದಂಡವೊಂದಕ್ಕೆ ಸುತ್ತಿ ಬಿಗಿದಿರುವ ಎರಡು ದಪ್ಪ ಸ್ಪ್ರಿಂಗುಗಳು. ಸ್ಪ್ರಿಂಗು ಸರಿಯಿದ್ದರೆ ಬಾಗಿಲನ್ನು ಅರ್ಧಕ್ಕೆ ಎತ್ತಿ ಬಿಟ್ಟರೂ ಅಲ್ಲಿಯೇ ನಿಲ್ಲಬೇಕು. ನಮ್ಮದು ನಿಲ್ಲಲಿಲ್ಲ. ಅಂದಮೇಲೆ ಸ್ಪ್ರಿಂಗು ಸೋತಿತ್ತು. ಸೋತ ಸ್ಪ್ರಿಂಗಿನ ಭಾರವನ್ನು ಮೂವತ್ತು ವರ್ಷದ ಮೋಟಾರು ಹೊತ್ತು ನರಳುತ್ತಿತ್ತು. ಬಲದ ತಿರುಪನ್ನು ಕೊನೆಯವರೆಗೆ ತಿರುಗಿಸಿದ್ದುದಕ್ಕೂ ಬಹುಶಃ ಇದೇ ಕಾರಣ. ಇದರ ಮೇಲೆ ಒಂದೂಕಾಲು ಅಶ್ವಶಕ್ತಿಯ ಮೋಟಾರನ್ನು ತಂದು ಕೂಡಿಸಿದ್ದರೆ, ರೋಗವನ್ನು ಬಿಟ್ಟು ರೋಗಿಯನ್ನು ಎಳೆದಾಡಿದಂತಾಗುತ್ತಿತ್ತು.

ಮರುವಾರ ಬಂದ ದುರಸ್ತಿಗಾರ ಇದನ್ನೇ ಹೇಳಿದ. ಸಾಮಾನ್ಯ ಸ್ಪ್ರಿಂಗು ಹತ್ತು ಸಾವಿರ ಬಾರಿ ತೆರೆದು ಮುಚ್ಚುವಷ್ಟು ಬಾಳುತ್ತದೆ. ದಿನಕ್ಕೆ ನಾಲ್ಕು ಸಲವೆಂದರೂ ಏಳು ವರ್ಷಕ್ಕೆ ಅದರ ಆಯುಸ್ಸು ಮುಗಿಯಿತು. ಮೊದಲು ಎರಡು ಸ್ಪ್ರಿಂಗುಗಳನ್ನೂ ಬದಲಿಸಿದ. ಆ ಕೆಲಸ ಮಾಡುವಾಗ ನಮ್ಮನ್ನು ದೂರ ನಿಲ್ಲಿಸಿದ. ಬಿಗಿದ ಸ್ಪ್ರಿಂಗು ಕೈತಪ್ಪಿದರೆ ಎಲುಬು ಮುರಿಯಬಲ್ಲದು; ಮನೆಯವರು ಎಂದಿಗೂ ಕೈಹಾಕಬಾರದ ಕೆಲಸವದು. ಬಳಿಕ ಬಾಗಿಲನ್ನು ಸೊಂಟದವರೆಗೆ ಎತ್ತಿ ಕೈಬಿಟ್ಟ. ಅದು ಅಲ್ಲಿಯೇ ನಿಂತಿತು. ನನ್ನ ಶ್ರೀಮತಿಯನ್ನು ಕರೆದು ಎತ್ತಿ ನೋಡಲು ಹೇಳಿದೆವು. ಸೆರಗು ಸಿಕ್ಕಿಸಿಕೊಂಡು ಎರಡೂ ಕೈಗಳಿಂದ ಹಿಡಿದವಳು ನಡುವೆ ಒಂದು ಕೈ ಬಿಟ್ಟಳು. ಬಾಗಿಲು ಒಂದೇ ಕೈಯಲ್ಲಿ ಮೇಲೇರಿತು. "ಇಷ್ಟ ಹಗುರ ಇತ್ತೇನ್ರಿ ಇದು!" ಎಂದು ನನ್ನತ್ತ ತಿರುಗಿದಳು.

ಅಲ್ಲಿಂದ ಮುಂದಿನ ಆಯ್ಕೆ ಸುಲಭವಾಯಿತು. ಭಾರವನ್ನು ಸ್ಪ್ರಿಂಗು ಹೊರುವುದರಿಂದ ಮುಕ್ಕಾಲು ಅಶ್ವಶಕ್ತಿಯ ಯಂತ್ರವೇ ಸಾಕಾಯಿತು. ಮೇಲಿನ ಕೋಣೆಯಲ್ಲಿ ಮಲಗುವವರಿಗಾಗಿ ಬೆಲ್ಟಿನದನ್ನು ತಂದೆವು. ಗೋಡೆಗೆ ಕೂಡಿಸುವ ಯಂತ್ರದ ಹೆಚ್ಚಿನ ಬೆಲೆಯಲ್ಲಿ ಸ್ಪ್ರಿಂಗಿನ ಖರ್ಚು ಸರಿದೂಗಿತು. ವಿದ್ಯುತ್ತು ಹೋದಾಗಲೂ ಕೆಲವು ಸಲ ಬಾಗಿಲು ತೆರೆಯುವ ಬ್ಯಾಟರಿಯುಳ್ಳ ಯಂತ್ರವೇ ಬೇಕೆಂದು ಸೊಸೆ ಹಟ ಹಿಡಿದಳು. ಅದಕ್ಕೆ ಕಾರಣವಿತ್ತು. 2017ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಭೀಕರ ಕಾಳ್ಗಿಚ್ಚು ಹಬ್ಬಿ ವಿದ್ಯುತ್ತು ಕಡಿದುಹೋದಾಗ, ಗ್ಯಾರೇಜಿನ ಬಾಗಿಲು ತೆರೆಯಲಾಗದೆ ಕೆಲವರು ಮನೆಯಲ್ಲಿಯೇ ಸಿಕ್ಕಿಕೊಂಡು ಸತ್ತರು. ಆ ಬಳಿಕ ಅಲ್ಲಿ 2019ರ ಜುಲೈ 1ರಿಂದ ಬ್ಯಾಟರಿಯಿಲ್ಲದ ಯಂತ್ರವನ್ನು ಮನೆಗಳಿಗೆ ಮಾರಕೂಡದೆಂದು ಕಾನೂನಾಯಿತು. ಓಹಾಯೋದವರಿಗೆ ಆ ಕಾನೂನು ಅನ್ವಯಿಸದಿದ್ದರೂ ಅದರ ಪಾಠ ಅನ್ವಯಿಸುತ್ತದೆ. ಬ್ಯಾಟರಿಯನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕೆಂಬುದನ್ನು ಮರೆಯಬಾರದು, ಅಷ್ಟೇ.

ಮಗನ ಆಸೆಯಂತೆ ಫೋನಿನಿಂದಲೂ ನಡೆಯುವ ಯಂತ್ರವೇ ಬಂದಿತು. ಬಾಗಿಲು ಮುಚ್ಚಿದೆಯೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಅನುಮಾನ ಬಂದವರಿಗೆ ಅದು ಉಪಕಾರಿ. ದೂರದಿಂದ ಮುಚ್ಚುವ ಮುನ್ನ ಯಂತ್ರವು ದೀಪ ಮಿನುಗಿಸಿ ಸದ್ದು ಮಾಡಿ ಎಚ್ಚರಿಸುತ್ತದೆ. ಆದರೂ ಮಗು ಮನೆಯಲ್ಲಿರುವಾಗ ಕಣ್ಣಿಗೆ ಕಾಣದ ಬಾಗಿಲನ್ನು ಯಾರೂ ಮುಚ್ಚಕೂಡದೆಂದು ನಾವು ಕಟ್ಟು ಮಾಡಿಕೊಂಡೆವು. ರಿಮೋಟಿನ ವಿಷಯದಲ್ಲಿಯೂ ಒಂದು ಸಂಗತಿ ತಿಳಿಯಿತು. ಹಳೆಯ ರಿಮೋಟು ಸದಾ ಒಂದೇ ಗುಪ್ತಸಂಖ್ಯೆಯನ್ನು ಕಳಿಸುತ್ತಿತ್ತು. ಅದನ್ನು ಕಳ್ಳನೂ ಕಲಿಯಬಹುದಾಗಿತ್ತು. ಹೊಸತರಲ್ಲಿ ಗುಂಡಿ ಒತ್ತಿದಾಗಲೆಲ್ಲ ಸಂಖ್ಯೆ ಬದಲಾಗುತ್ತದೆ. ಆದರೂ ರಿಮೋಟೆಂದರೆ ಮನೆಯ ಬೀಗದ ಕೈಯೇ; ಹೊರಗೆ ನಿಲ್ಲಿಸಿದ ಕಾರಿನಲ್ಲಿ ಬಿಟ್ಟುಬರುವ ವಸ್ತುವಲ್ಲ.

ಯಂತ್ರ ಕೂಡಿಸಿದ ದಿನ ದುರಸ್ತಿಗಾರ ಕಣ್ಣುಗಳನ್ನು ಅವುಗಳ ಸ್ಥಾನದಲ್ಲಿ, ನೆಲದ ಬಳಿ ಕೂಡಿಸಿದ. ಗೋಡೆಯ ಗುಂಡಿಯನ್ನು ಮಗುವಿನ ಕೈಗೆಟುಕದಂತೆ ಐದು ಅಡಿಗಿಂತ ಮೇಲೆ, ನಿಂತವರಿಗೆ ಬಾಗಿಲು ಕಾಣುವ ಜಾಗದಲ್ಲಿ ಕೂಡಿಸಿದ. ಒಂದೂವರೆ ಅಂಗುಲ ದಪ್ಪದ ಹಲಗೆಯನ್ನು ಹೊಸ್ತಿಲಲ್ಲಿ ಅಡ್ಡ ಮಲಗಿಸಿ ಬಾಗಿಲು ಮುಚ್ಚಿದ. ಹಲಗೆಗೆ ತಗುಲಿದೊಡನೆ ಬಾಗಿಲು ಮೇಲೆದ್ದಿತು. ಬಾಗಿಲು ಇಳಿಯುವಾಗ ಪೊರಕೆಯನ್ನು ಕಿರಣಕ್ಕೆ ಅಡ್ಡ ಹಿಡಿದ. ತಗುಲುವ ಮೊದಲೇ ಅದು ಹಿಂತಿರುಗಿತು. ತಿಂಗಳಿಗೊಮ್ಮೆ ಈ ಎರಡು ಪರೀಕ್ಷೆಗಳನ್ನು ಮಾಡಿರೆಂದು ಹೇಳಿಹೋದ. ಆ ಕೆಲಸವನ್ನು ನಾನು ವಹಿಸಿಕೊಂಡೆ. ಮೊಮ್ಮಗಳಿಗೆ ಬಾಗಿಲಿನ ಕಣ್ಣು ತೋರಿಸಿ, "ಇದು ನಿನ್ನನ್ನು ನೋಡುತ್ತದೆ. ಆದರೂ ಬಾಗಿಲು ಓಡಾಡುವಾಗ ನೀನು ಅದರ ಹತ್ತಿರ ಹೋಗಬಾರದು" ಎಂದು ಕಲಿಸಿದೆ. ಸೊಸೆ ನನ್ನೆದುರಿಗೇ ಮಗುವನ್ನು ನನ್ನ ಕೈಗಿತ್ತು ಕೆಲಸಕ್ಕೆ ಹೋದಳು. ನಾನು ಹೆದರಿದ ಮಾತು ಅವರ ಬಾಯಿಂದ ಬರಲೇ ಇಲ್ಲ.

2024ರ ಏಪ್ರಿಲಿನಲ್ಲಿ ನಾವು ಊರಿಗೆ ಮರಳಿದೆವು. ನಮ್ಮದು ಕೈಯಿಂದ ತಳ್ಳುವ ಕಬ್ಬಿಣದ ಗೇಟು. ಆದರೆ ಬೆಂಗಳೂರು, ಹುಬ್ಬಳ್ಳಿ, ದಾವಣಗೆರೆಗಳ ಹೊಸ ಮನೆಗಳಲ್ಲಿ ಮೋಟಾರಿನಿಂದ ಸರಿಯುವ ಗೇಟು, ತಾನಾಗಿ ಸುತ್ತಿಕೊಳ್ಳುವ ಶಟರು ಈಗ ಅಪರೂಪವಲ್ಲ. ಅಂಥದನ್ನು ಹಾಕಿಸುವ ಬಂಧುಗಳು ಬೆಲೆ, ಬಣ್ಣ, ಕಂಪನಿಗಳನ್ನು ವಿಚಾರಿಸುವ ಮೊದಲು ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ನನ್ನ ವಿನಂತಿ. ಮಗು ಅಡ್ಡ ಬಂದರೆ ಇದು ನಿಲ್ಲುತ್ತದೆಯೇ? ಕರೆಂಟು ಹೋದರೆ ಹೇಗೆ ತೆರೆಯುವುದು? ಮನೆಯಲ್ಲಿರುವ ಅತ್ಯಂತ ವಯಸ್ಸಾದವರು ಅದನ್ನು ಕೈಯಿಂದ ತೆರೆಯಬಲ್ಲರೇ? ಮಾರುವವರು ಬಾಯಿಮಾತಿನಲ್ಲಿ ಉತ್ತರಿಸಿದರೆ ಸಾಲದು. ಹಲಗೆಯಿಟ್ಟು, ಕರೆಂಟು ತೆಗೆದು, ಅಜ್ಜಿಯ ಕೈಯಲ್ಲಿಯೇ ತೆರೆಸಿ ತೋರಿಸಬೇಕು. ಮನೆಯ ಬಲಶಾಲಿಗೆ ಯಾವ ಬಾಗಿಲಾದರೂ ಆದೀತು. ಬಾಗಿಲನ್ನು ಆರಿಸಬೇಕಾದುದು ಮನೆಯ ಚಿಕ್ಕವರನ್ನೂ ಹಿರಿಯರನ್ನೂ ಕಣ್ಣಮುಂದಿಟ್ಟುಕೊಂಡು.

ಇಲ್ಲಿ ನಮ್ಮ ಗೇಟು ಹಾಕುವಾಗಲೂ ನಾನೀಗ ಚಿಲಕ ಬಿದ್ದ ಸದ್ದು ಕೇಳುವವರೆಗೆ ನಿಂತು ನೋಡಿಯೇ ತಿರುಗುತ್ತೇನೆ. "ಯಾರೂ ಇಲ್ಲಲ್ರೀ, ಬರ್ರಿ ಒಳಗ" ಎಂದು ಶ್ರೀಮತಿ ಪಡಸಾಲೆಯಿಂದ ಕರೆಯುತ್ತಾಳೆ. ಯಾರೂ ಇಲ್ಲವೆಂಬುದು ನನಗೂ ಗೊತ್ತು. ಆದರೂ ಒಮ್ಮೆ ಹಿಂದೆ ನೋಡದೆ ಬರಲು ಕಾಲು ಏಳುವುದಿಲ್ಲ.